ಸಂತೋಷ ದ್ವೀಪದ ಪುಟ್ಟ ರೈಲು
(ಭಾಷಣದ ಪೂರ್ಣಪಾಠ)



ಸಿಂಗಪುರದ ದಕ್ಷಿಣ ದಡಕ್ಕೆ ಅಂಟಿಕೊಂಡಂತೆ ಸುಮಾರು ಐದು ಚದರ ಕಿಲೋಮೀಟರ್ ವಿಸ್ತಾರದ ಒಂದು ದ್ವೀಪವಿದೆ. ಹೆಸರು ಸೆಂತೋಸಾ. ನಮ್ಮ 'ಸಂತೋಷ'ವೇ ಮಲಯ ಭಾಷೆಗೆ ಹೋಗಿ ಈ ರೂಪ ತಳೆದಿದೆ. ಅಲ್ಲಿ ಅದಕ್ಕೆ ಶಾಂತಿ, ನೆಮ್ಮದಿ ಎಂಬ ಅರ್ಥ. ಆದರೆ ಈ ಹೆಸರು ಬಂದದ್ದು 1970ರ ದಶಕದ ಆರಂಭದಲ್ಲಿ. ಅದಕ್ಕೂ ಮೊದಲು ಅದು 'ಪುಲಾವ್ ಬ್ಲಾಕಾಂಗ್ ಮಾತಿ'. ಪುಲಾವ್ ಎಂದರೆ ದ್ವೀಪ, ಬ್ಲಾಕಾಂಗ್ ಎಂದರೆ ಹಿಂಬದಿ, ಮಾತಿ ಎಂದರೆ ಸಾವು.

ಈ ಹಳೆಯ ಹೆಸರಿನ ಹುಟ್ಟಿನ ಬಗ್ಗೆ ಹಲವು ಕಥೆಗಳಿವೆ. ಇತಿಹಾಸವಂತೂ ಆ ಹೆಸರಿಗೆ ತಕ್ಕಂತೆಯೇ ನಡೆಯಿತು. ಬ್ರಿಟಿಷರು ಇಲ್ಲಿ ಕೋಟೆ ಕಟ್ಟಿ ಫಿರಂಗಿ ನಿಲ್ಲಿಸಿದರು. 1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನಿಗೆ ಶರಣಾಯಿತು. ಮುಂದಿನ ದಿನಗಳಲ್ಲಿ ಜಪಾನಿ ಸೇನೆ ಚೀನೀ ನಾಗರಿಕರ ಸಾಮೂಹಿಕ ಹತ್ಯೆ ನಡೆಸಿದಾಗ, ಅನೇಕರ ಹೆಣಗಳು ತೇಲಿಬಂದು ಈ ದ್ವೀಪದ ದಡ ಸೇರಿದವು. ಅವನ್ನು ಹೂಳುವ ಕೆಲಸ ಸೆರೆಸಿಕ್ಕ ಬ್ರಿಟಿಷ್ ಸೈನಿಕರ ಪಾಲಿಗೆ ಬಂತು.

ಬ್ರಿಟಿಷ್ ಸೇನೆ ಜಾಗ ಖಾಲಿಮಾಡಿದ ಮೇಲೆ ದ್ವೀಪವನ್ನು ವಿಹಾರಧಾಮ ಮಾಡಲು ಸರ್ಕಾರ ನಿರ್ಧರಿಸಿತು. 1974ರಲ್ಲಿ ತೂಗುತೊಟ್ಟಿಲು, ಅಂದರೆ ಕೇಬಲ್ ಕಾರ್ ಬಂತು. 1982ರಲ್ಲಿ ಬಂದದ್ದು ಮಾನೋರೈಲು.

ಮಾಮೂಲಿ ರೈಲಿಗೆ ಎರಡು ಹಳಿ ಬೇಕು. ಇದಕ್ಕೆ ಒಂದೇ ತೊಲೆ ಸಾಕು. ಕುದುರೆಯ ಮೇಲೆ ಸವಾರ ಕೂತಂತೆ ರೈಲು ತೊಲೆಯ ಮೇಲೆ ಕೂರುತ್ತದೆ; ಪಕ್ಕದ ಗಾಲಿಗಳು ತೊಲೆಯನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತವೆ. ಕಂಬ ನಿಲ್ಲಿಸಲು ಜಾಗವಿದ್ದರೆ ಸಾಕು, ಅಗಲವಾದ ದಾರಿ ಕಡಿಯಬೇಕಾಗಿಲ್ಲ.

ಸ್ವಿಟ್ಜರ್ಲೆಂಡಿನ ವಾನ್ ರೋಲ್ ಕಂಪನಿಯ ಆ ಪುಟ್ಟ ರೈಲು ಸುಮಾರು ಆರು ಕಿಲೋಮೀಟರಿನ ಸುತ್ತು ದಾರಿಯಲ್ಲಿ ಒಂದೇ ದಿಕ್ಕಿಗೆ ಓಡುತ್ತಿತ್ತು. ಈಗಷ್ಟೇ ದಾಟಿದ ನಿಲ್ದಾಣಕ್ಕೆ ಮರಳಬೇಕೆಂದರೆ ಪೂರ್ತಿ ಸುತ್ತು ಹಾಕಬೇಕು! ಬದಿ ತೆರೆದ ಡಬ್ಬಿ, ನಿಧಾನದ ನಡಿಗೆ. ಮರ, ಕಡಲು, ಕೋಟೆಯ ಆಸುಪಾಸು ಎಲ್ಲವೂ ಕಣ್ಣೆದುರು ಹಾಯುತ್ತಿದ್ದವು.

1992ರಲ್ಲಿ ದ್ವೀಪಕ್ಕೆ ರಸ್ತೆಯಾಯಿತು. 2005ರ ಮಾರ್ಚಿನಲ್ಲಿ ಹಳೆಯ ರೈಲು ನಿಂತಿತು. 2007ರ ಜನವರಿಯಲ್ಲಿ ಜಪಾನಿನ ಹಿಟಾಚಿ ಕಂಪನಿಯ ಹೊಸ ಮಾನೋರೈಲು ಬಂತು. ಇದರ ದಾರಿ ಸುಮಾರು 2.1 ಕಿಲೋಮೀಟರ್ ಮಾತ್ರ. ಊರಿನ ದೊಡ್ಡ ಮಳಿಗೆ ಸಂಕೀರ್ಣದಲ್ಲಿ ಹತ್ತಿದರೆ ತಂಪು ಹವೆಯ ಡಬ್ಬಿಯಲ್ಲಿ ಕೆಲವೇ ನಿಮಿಷಗಳಲ್ಲಿ ನೀರು ದಾಟಿ, 2010ರಲ್ಲಿ ತೆರೆದ ಕ್ಯಾಸಿನೊ ಇರುವ ವಿಹಾರಧಾಮದ ಬಳಿ ನಿಂತು, ಮರಳ ದಂಡೆಗೆ ತಲುಪಿಸುತ್ತದೆ.

ಹಳೆಯದು ಸುತ್ತಾಡಿಸುವ ರೈಲು, ಹೊಸದು ಮುಟ್ಟಿಸುವ ರೈಲು. ಜನಸಂದಣಿ ಹೆಚ್ಚಿದಾಗ ಎರಡನೆಯದು ಅಗತ್ಯವೇ, ಅದನ್ನು ದೂರುವುದು ಸರಿಯಲ್ಲ. ಆದರೆ ದಾರಿ ನೇರವಾದಷ್ಟೂ ಪಕ್ಕದಲ್ಲಿ ಉಳಿದುಹೋಗುವುದು ಹೆಚ್ಚು. ಪಡುವಣ ತುದಿಯ ಸಿಲೋಸೊ ಕೋಟೆ ಈ ಹಳಿಯ ಮೇಲಿಲ್ಲ. ಸಾವಿನ ಹೆಸರನ್ನು ಅಳಿಸಿ ಸಂತೋಷವೆಂದು ಬರೆದ ದ್ವೀಪದಲ್ಲಿ, ಆ ಸಾವುಗಳ ನೆನಪು ರೈಲು ನಿಲ್ಲದ ಕಡೆಯಲ್ಲಿದೆ.

ನಿಮ್ಮಲ್ಲಿ ಯಾರಾದರೂ ಅಲ್ಲಿಗೆ ಹೋದರೆ, ಮಕ್ಕಳನ್ನು ಆ ಪುಟ್ಟ ರೈಲಿನಲ್ಲಿ ಖಂಡಿತ ಕೂರಿಸಿ. ಕೊನೆಯ ನಿಲ್ದಾಣದಲ್ಲಿ ಇಳಿದ ಮೇಲೆ ಸಿಲೋಸೊ ಕೋಟೆಯ ತನಕವೂ ಒಮ್ಮೆ ಹೋಗಿಬನ್ನಿ. ದ್ವೀಪದ ಎರಡೂ ಹೆಸರುಗಳನ್ನು ಅವರಿಗೆ ಹೇಳಿ.