ಮನೆಯವರು ಕಂಡ ತೇಜಸ್ವಿ

ಯಾವ ಮನೆತನವನ್ನು ನೋಡಿದರೂ ಹಿರಿಯರು ಹಾಕಿದ ಗೆರೆಯ ಮೇಲೆ ನಡೆಯದ ಒಬ್ಬರು ಅದರಲ್ಲಿ ಇದ್ದೇ ಇರುತ್ತಾರೆ. ಓದಿದ ಓದಿಗೆ ತಕ್ಕ ನೌಕರಿ ಹಿಡಿಯುವುದಿಲ್ಲ. ನೆಂಟರ ಮದುವೆ ಮುಂಜಿಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ. ಮನಸ್ಸಿಗೆ ಸರಿಕಂಡ ದಾರಿಯಲ್ಲಿ ಹೋಗಿಬಿಡುತ್ತಾರೆ. ಇರುವಷ್ಟು ದಿನ ಮನೆಯವರು ಅವರ ವಿಷಯದಲ್ಲಿ ಗೊಣಗುತ್ತಾರೆ. ತೀರಿಕೊಂಡ ಮೇಲೆ ಅದೇ ಜನ ಒಟ್ಟಿಗೆ ಕೂತಾಗ ಅವರ ಮಾತನ್ನೇ ಆಡುತ್ತಾರೆ. ತೊಡಕು ಇರುವುದು ಅಲ್ಲಿಯೇ. ಹೋದವರನ್ನು ಹೊಗಳಿಬಿಡುವುದು ಸುಲಭ. ಅವರು ಇದ್ದ ಹಾಗೆಯೇ ನೆನೆಯುವುದು ಕಷ್ಟ. ಆ ಕಷ್ಟದ ಕೆಲಸಕ್ಕೆ ಕೈಹಾಕಿದ ಒಂದು ಕನ್ನಡ ಮನೆಯ ವಿಚಾರವನ್ನು ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಅದು ಕುವೆಂಪು ಅವರ ಮನೆ. ಅವರ ಹಿರಿಯ ಮಗ ಪೂರ್ಣಚಂದ್ರ ತೇಜಸ್ವಿ ಹುಟ್ಟಿದ್ದು 1938ರಲ್ಲಿ. ಮೈಸೂರಿನಲ್ಲಿ ಕನ್ನಡ ಎಂ.ಎ. ಓದಿದರು. ತಂದೆಯಾದರೋ 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳು. ಮಗನೂ ಅಧ್ಯಾಪಕನಾಗುತ್ತಾನೆಂದು ಲೋಕ ಎಣಿಸಿದ್ದರೆ ಆಶ್ಚರ್ಯವಿಲ್ಲ. ತೇಜಸ್ವಿಯವರು ಆ ದಾರಿ ತುಳಿಯಲಿಲ್ಲ. ಮೂಡಿಗೆರೆಯ ಕಡೆ ಹೋಗಿ ಕಾಫಿ ತೋಟ ಮಾಡಿದರು. ಗಾಳ ಹಿಡಿದು ಹೊಳೆಯ ದಂಡೆಯಲ್ಲಿ ಕೂತರು. ಕ್ಯಾಮರಾ ಹಿಡಿದು ಹಕ್ಕಿಗಳ ಹಿಂದೆ ಅಲೆದರು. ಕಂಪ್ಯೂಟರಿನಲ್ಲಿ ಕನ್ನಡ ನೆಲೆಯೂರಲೆಂದು ಹೆಣಗಿದರು. ಇದರ ನಡುವೆಯೇ ‘ಕರ್ವಾಲೊ’, ‘ಚಿದಂಬರ ರಹಸ್ಯ’ದಂಥ ಕಾದಂಬರಿಗಳೂ ಬಂದುವು. 2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ಮನೆ ‘ನಿರುತ್ತರ’ದಲ್ಲಿ ತೀರಿಕೊಂಡರು.

ಆಮೇಲೆ ಪತ್ನಿ ರಾಜೇಶ್ವರಿಯವರು ‘ನನ್ನ ತೇಜಸ್ವಿ’ ಎಂಬ ಪುಸ್ತಕ ಬರೆದರು. ಆಕೆ ತತ್ವಶಾಸ್ತ್ರ ಓದಿದವರು. 1966ರಲ್ಲಿ ಇವರ ಮದುವೆ ನಡೆದದ್ದು ಕುವೆಂಪು ರೂಪಿಸಿದ ‘ಮಂತ್ರ ಮಾಂಗಲ್ಯ’ದ ಕ್ರಮದಲ್ಲಿ: ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಓದುಗರಿಗೆ ತೇಜಸ್ವಿ ಎಂದರೆ ಕಾಡು, ಹಕ್ಕಿ, ಕಥೆ. ಹೆಂಡತಿಗೆ ಅವರು ನಲವತ್ತು ವರ್ಷ ಒಂದೇ ಸೂರಿನ ಕೆಳಗೆ ಬಾಳಿದ ಮನುಷ್ಯ. ಪುಸ್ತಕದ ಹೆಸರಿನಲ್ಲಿರುವ ‘ನನ್ನ’ ಎಂಬ ಮಾತಿನ ತೂಕ ಅಷ್ಟು. ಅದನ್ನು ಓದುವಾಗ ನನಗೆ ಒಂದು ವಿಷಯ ಮನಸ್ಸಿಗೆ ನಾಟಿತು. ಒಬ್ಬರು ತಮ್ಮ ಇಷ್ಟದಂತೆ ಬಾಳಬೇಕಾದರೆ ಅವರ ಬೆನ್ನಿಗೆ ಇನ್ನೊಬ್ಬರು ನಿಂತಿರಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದವರಿಗೆ ಒಲೆ ಹೊತ್ತಿಸುವವರು ಯಾರು? ತೋಟದ ಖರ್ಚು, ಮಕ್ಕಳ ಓದು, ಇವುಗಳ ಚಿಂತೆ ಯಾರದು? ಆ ಇನ್ನೊಬ್ಬರೂ ಮಾತಾಡಿದಾಗಲೇ ನೆನಪು ಪೂರ್ತಿಯಾಗುವುದು. 2021ರಲ್ಲಿ ಅವರೂ ತೀರಿಕೊಂಡರು. ಅಷ್ಟರಲ್ಲಿ ಬರೆದಿಟ್ಟದ್ದು ನಮ್ಮ ಭಾಗ್ಯ.

ಇಂಥ ಕೆಲಸವನ್ನು ತೇಜಸ್ವಿಯವರೇ ಹಿಂದೆ ತಮ್ಮ ತಂದೆಯ ವಿಷಯದಲ್ಲಿ ಮಾಡಿದ್ದರು. ಕುವೆಂಪು ಕಾಲವಾದದ್ದು 1994ರಲ್ಲಿ. ‘ಅಣ್ಣನ ನೆನಪು’ ಬಂದದ್ದು 1996ರಲ್ಲಿ. ಅಣ್ಣ ಎಂದರೆ ಇಲ್ಲಿ ಒಡಹುಟ್ಟಿದವನಲ್ಲ. ಆ ಮನೆಯ ಮಕ್ಕಳು ತಂದೆಯನ್ನು ಕರೆಯುತ್ತಿದ್ದುದೇ ಹಾಗೆ. ಲೋಕ ರಾಷ್ಟ್ರಕವಿಯೆಂದು ಕೈಮುಗಿದವರನ್ನು ಮಗ ಮೈಸೂರಿನ ‘ಉದಯರವಿ’ ಮನೆಯಲ್ಲಿ ಓಡಾಡುವ ಅಪ್ಪನನ್ನಾಗಿ ತೋರಿಸಿದರು. ತಮ್ಮ ಹುಡುಗಾಟಗಳನ್ನೂ ಮುಚ್ಚಿಡಲಿಲ್ಲ. ಮಗಳು ತಾರಿಣಿಯವರು ‘ಮಗಳು ಕಂಡ ಕುವೆಂಪು’ ಬರೆದರು. ಒಬ್ಬನೇ ತಂದೆ, ಮಗ ಕಂಡದ್ದು ಒಂದು, ಮಗಳು ಕಂಡದ್ದು ಇನ್ನೊಂದು. ಎರಡೂ ನಿಜ. ತಂದೆಯ ಹೆಜ್ಜೆಯಲ್ಲಿ ಹೆಜ್ಜೆಯಿಡದ ಮಗನೇ ತಂದೆಯನ್ನು ಇಷ್ಟು ಹತ್ತಿರದಿಂದ ಕಂಡಿದ್ದನಲ್ಲ ಎಂಬುದೂ ಯೋಚಿಸತಕ್ಕ ಮಾತು. ದೂರ ಹೋದವರೆಲ್ಲ ಮರೆತವರಲ್ಲ.

ನಮ್ಮ ಮನೆಗಳಲ್ಲಿ ಪುಸ್ತಕ ಬರೆಯುವವರು ಇಲ್ಲದಿರಬಹುದು. ವರ್ಷಕ್ಕೊಂದು ದಿನ ಎಲ್ಲರೂ ಸೇರುವುದಂತೂ ಉಂಟು. ಆ ದಿನ ಊಟವಾದ ಮೇಲೆ ಜಮಖಾನೆ ಹಾಸಿ ಕೂತು, ಹೋದ ಚಿಕ್ಕಪ್ಪನನ್ನೋ ಸೋದರಮಾವನನ್ನೋ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ನೆನೆಯಲಿ. ಅವರು ನಗಿಸಿದ್ದನ್ನು ಹೇಳಲಿ, ಅಳಿಸಿದ್ದನ್ನೂ ಹೇಳಲಿ. ಅಡಿಗೆಮನೆಯಲ್ಲೇ ಉಳಿದ ಅತ್ತೆಯನ್ನೂ ಹೊರಗೆ ಕರೆದು, “ನೀವು ಕಂಡದ್ದು ಏನು, ಹೇಳಿ ಅತ್ತೆ” ಎಂದು ಕೇಳೋಣ. ಆಕೆ ಮೊದಲು “ನನ್ನದೇನಿದೆ, ಬಿಡಿ” ಎಂದಾರು. ಸ್ವಲ್ಪ ಕಾಯೋಣ. ಮನೆಯಲ್ಲಿ ಯಾರೂ ಕೇಳದಿದ್ದ ಕಥೆ ಅಲ್ಲಿಂದಲೇ ಹೊರಟೀತು.