ಊರ ಪಂಕ್ತಿಯಲ್ಲಿ ನಮ್ಮ ಎಲೆ

(ಗಿರಣಿ ಕಾರ್ಮಿಕರು ಮತ್ತು ಚಿಲ್ಲರೆ ವರ್ತಕರ ಜಂಟಿ ಸಭೆಯಲ್ಲಿ ಮಾಡಿದ ಭಾಷಣ)



ಮೇ ದಿನದ ಊಟಕ್ಕೆ ಏನು ಅಡಿಗೆ ಮಾಡಿಸಬೇಕು ಎಂಬ ಪ್ರಶ್ನೆ ಇಂದು ಈ ಸಭೆಯ ಮುಂದಿದೆ. ಇದನ್ನು ಕೇಳಿ ಕೆಲವರು ನಕ್ಕರು. ಕೂಲಿಯ ಪ್ರಶ್ನೆ, ಬಾಡಿಗೆಯ ಪ್ರಶ್ನೆ, ತೆರಿಗೆಯ ಪ್ರಶ್ನೆ ಇರುವಾಗ ಸಾರಿನ ಪ್ರಶ್ನೆಗೆ ಒಂದು ಸಭೆಯೆ ಎಂದರು. ಆದರೆ ಈ ಊಟದ ಚೀಟಿಯಿಂದ ಉಳಿಯುವ ಹಣ ಕೆಲಸ ಕಳೆದುಕೊಂಡ ಗಿರಣಿಯವರ ಮಕ್ಕಳ ಪುಸ್ತಕಕ್ಕೆ ಹೋಗಬೇಕಾಗಿದೆ. ಊಟ ಕೆಟ್ಟರೆ ಪುಸ್ತಕವೂ ಇಲ್ಲ. ಕಾರ್ಮಿಕರು ಬಾಡೂಟ ಆಗಲಿ ಎಂದಿದ್ದಾರೆ. ಅಕ್ಕಿ, ಬೇಳೆ, ಎಣ್ಣೆ ಕೊಡಲು ಮುಂದೆ ಬಂದ ವರ್ತಕ ಮಿತ್ರರಲ್ಲಿ ಕೆಲವರು, ಮಾಂಸ ಬೇಯುವ ಚಪ್ಪರಕ್ಕೆ ನಮ್ಮ ಅಕ್ಕಿ ಬರುವುದಿಲ್ಲ ಎಂದಿದ್ದಾರೆ. ಹೀಗೆ ಒಂದು ಪಾತ್ರೆಯ ವಿಚಾರ ನಮ್ಮ ಒಗ್ಗಟ್ಟಿನ ವಿಚಾರವಾಗಿ ಬೆಳೆದಿದೆ.

ನಾವು ಹುಟ್ಟಿನಿಂದ ಸಸ್ಯಾಹಾರಿಗಳು. ಇಂದೂ ಹಾಗೆಯೇ ಇದ್ದೇವೆ, ಮುಂದೆಯೂ ಇರುತ್ತೇವೆ. ಆದುದರಿಂದ ಈ ಮಾತನ್ನು ಮಾಂಸ ಉಣ್ಣುವವರ ವಕೀಲರಾಗಿ ಆಡುತ್ತಿಲ್ಲ. ಸಸ್ಯಾಹಾರಿಗಳಾದ ನಾವು ನಮ್ಮವರಿಗೆ ನಾವೇ ಹೇಳಿಕೊಳ್ಳಬೇಕಾದ ಮಾತು ಎಂದು ಇದನ್ನು ಆಡುತ್ತಿದ್ದೇವೆ.

ಮೊದಲು ಮಂಡ್ಯದ ಉದಾಹರಣೆಯನ್ನು ನೋಡೋಣ. 2024ರ ಡಿಸೆಂಬರ್ 20ರಿಂದ 22ರವರೆಗೆ ಅಲ್ಲಿ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅದಕ್ಕೆ ಮುಂಚೆ ಹೊರಟ ಸೂಚನೆಯಲ್ಲಿ ಮಾಂಸಾಹಾರ, ಮದ್ಯ, ತಂಬಾಕು, ಈ ಮೂರಕ್ಕೂ ನಿಷೇಧ ಎಂದು ಒಟ್ಟಿಗೆ ಬರೆದಿದ್ದರು. ಕೋಳಿ ಸಾರು, ರಾಗಿ ಮುದ್ದೆ ಇಟ್ಟು ನೆಂಟರನ್ನು ಗೌರವಿಸುವ ನಾಡು ಅದು. ಅಲ್ಲಿನವರಿಗೆ ಸಿಟ್ಟು ಬಂತು. ಸಮ್ಮೇಳನದಲ್ಲಿ ಬಾಡೂಟ ಬೇಕು ಎಂಬ ಚಳವಳಿಯೇ ಎದ್ದಿತು. ಪತ್ರಿಕೆಗಳಲ್ಲಿ ವಾರಗಟ್ಟಲೆ ಚರ್ಚೆಯಾಯಿತು.

ಸಾಹಿತ್ಯ ಬಿಟ್ಟು ಊಟಕ್ಕೆ ಜಗಳವೆ ಎಂದು ಆಗಲೂ ಕೆಲವರು ಹಾಸ್ಯ ಮಾಡಿದರು. ನಮ್ಮ ಮತದಲ್ಲಿ ಜಗಳ ಊಟಕ್ಕಾಗಿ ಹುಟ್ಟಿದ್ದಲ್ಲ. ಮೂರು ದಿನ ಮಾಂಸ ಇಲ್ಲದಿದ್ದರೆ ಯಾರೂ ಸಾಯುವುದಿಲ್ಲ. ತಾಯಿ ಅಟ್ಟು ಬಡಿಸಿದ ಅಡಿಗೆಯನ್ನು ಹೆಂಡದ ಸಾಲಿನಲ್ಲಿ, ಬೀಡಿಯ ಸಾಲಿನಲ್ಲಿ ಬರೆದರಲ್ಲ, ಅದು ನೊಂದ ಜಾಗ. ಹೆಂಡ ಮನೆ ಕೆಡಿಸುತ್ತದೆ, ತಂಬಾಕು ಶ್ವಾಸಕೋಶ ಕೆಡಿಸುತ್ತದೆ. ಕೋಳಿ ಸಾರು ಏನನ್ನು ಕೆಡಿಸಿತು? ಕೆಡಿಸುವುದು ನಮ್ಮ ಮನಸ್ಸಿನಲ್ಲಿರುವ ಮಡಿಯನ್ನು ಮಾತ್ರ. ಆ ಮಡಿ ಒಬ್ಬನ ಮನೆಯ ಅಡಿಗೆ ಕೋಣೆಯಲ್ಲಿ ಇದ್ದುಕೊಳ್ಳಲಿ. ಸರ್ಕಾರದ ದುಡ್ಡಿನಲ್ಲಿ, ಎಲ್ಲರ ತೆರಿಗೆಯಲ್ಲಿ ಏಳುವ ಚಪ್ಪರಕ್ಕೆ ಅದನ್ನು ಕಾನೂನು ಮಾಡಕೂಡದು.

ಲೆಕ್ಕವನ್ನೂ ನೋಡೋಣ. ಕೇಂದ್ರ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆಯವರು 2014ರಲ್ಲಿ ಮಾಡಿದ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15 ವರ್ಷ ದಾಟಿದವರ ಪೈಕಿ ನೂರಕ್ಕೆ ಸುಮಾರು 79 ಮಂದಿ ಮಾಂಸಾಹಾರಿಗಳು. ನಾವು ನೂರಕ್ಕೆ ಇಪ್ಪತ್ತೊಂದು. ಇಪ್ಪತ್ತೊಂದು ಮಂದಿಯ ಅಡಿಗೆಯನ್ನು ಊರಿನ ಅಡಿಗೆ ಎಂತಲೂ, ಎಪ್ಪತ್ತೊಂಬತ್ತು ಮಂದಿಯದನ್ನು ಕದ್ದು ಉಣ್ಣುವ ಅಡಿಗೆ ಎಂತಲೂ ಮಾಡಿದವರು ಯಾರು? ಮತ ಹಾಕಿ ಯಾರೂ ಮಾಡಲಿಲ್ಲ. ಮೇಲು ಕೀಳಿನ ಏಣಿ ಅದನ್ನು ಮಾಡಿತು.

ಈಗ ನಮ್ಮವರ ವಾದಕ್ಕೆ ಬರೋಣ. ಅದರಲ್ಲಿ ಬಲವಾದದ್ದು ಒಂದುಂಟು. ಸಸ್ಯಾಹಾರವನ್ನು ಎಲ್ಲರೂ ಉಣ್ಣಬಹುದು, ಮಾಂಸವನ್ನು ಎಲ್ಲರೂ ಉಣ್ಣಲಾರರು. ಹಾಗಾದರೆ ಎಲ್ಲರೂ ಉಣ್ಣಬಹುದಾದದ್ದನ್ನೇ ಬಡಿಸುವುದು ನ್ಯಾಯವಲ್ಲವೆ? ಸಿಖ್ಖರ ಲಂಗರಿನಲ್ಲಿ ಸಸ್ಯಾಹಾರವನ್ನೇ ಬಡಿಸುತ್ತಾರೆ. ಯಾವ ಜಾತಿ, ಯಾವ ಧರ್ಮದವನು ಬಂದರೂ ನೆಲದ ಮೇಲೆ ಒಂದೇ ಸಾಲಿನಲ್ಲಿ ಕುಳಿತು ಉಣ್ಣಲಿ ಎಂಬುದು ಅದರ ಉದ್ದೇಶ. ತುಮಕೂರಿನ ಸಿದ್ಧಗಂಗೆಯ ದಾಸೋಹವೂ ಸಸ್ಯಾಹಾರವೇ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಅಲ್ಲಿ ಎಲ್ಲ ಜಾತಿಯ ಸಾವಿರಾರು ಬಡ ಹುಡುಗರಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟರು. ಅದರ ಮುಂದೆ ತಲೆ ಬಾಗದವನು ಸಮಾಜವಾದಿಯೇ ಅಲ್ಲ.

ಆದರೆ ಎರಡು ಮಾತು ಗಮನಿಸಬೇಕು. ಒಂದು, ಲಂಗರು ಗುರುದ್ವಾರದ್ದು, ದಾಸೋಹ ಮಠದ್ದು. ಅವರವರ ಮನೆಯಲ್ಲಿ ಅವರವರ ಪದ್ಧತಿ ನಡೆಯುತ್ತದೆ. ಹೋದವರು ಅದಕ್ಕೆ ಒಪ್ಪಿಯೇ ಹೋಗುತ್ತಾರೆ. ಮೇ ದಿನದ ಚಪ್ಪರ ಯಾರ ಮಠ? ಎರಡು, ಅಲ್ಲಿ ಅಡಿಗೆ ಸರಳವಾದದ್ದು ಸಾಲನ್ನು ಒಂದು ಮಾಡುವುದಕ್ಕೆ. ನಮ್ಮಲ್ಲಿ ಅಡಿಗೆಯ ಮಾತು ಎತ್ತುವುದು ಬಹಳ ಸಲ ಸಾಲನ್ನು ಒಡೆಯುವುದಕ್ಕೆ. ಸಸ್ಯಾಹಾರ ಬಂದ ಮಾತ್ರಕ್ಕೆ ಸಮಾನತೆ ಬಂದುಬಿಡುತ್ತದೆಯೆ? ಅನ್ನ, ಸಾರು, ಪಾಯಸ ಒಂದೇ ಆಗಿದ್ದರೂ ಪಂಕ್ತಿ ಬೇರೆ ಮಾಡುವ ಪದ್ಧತಿಯನ್ನು ಈ ನಾಡು ಕಂಡಿದೆ. ಉಡುಪಿಯಲ್ಲಿ ಪಂಕ್ತಿಭೇದದ ವಿರುದ್ಧ ಚಳವಳಿ ನಡೆದದ್ದು ಇದೇ ಶತಮಾನದಲ್ಲಿ.

ಇದಕ್ಕಿಂತ ಹಳೆಯದೊಂದು ಸಂಗತಿ ಕೇರಳದ್ದು. 1917ರಲ್ಲಿ ಚೆರಾಯಿ ಎಂಬ ಊರಿನಲ್ಲಿ ಸಹೋದರನ್ ಅಯ್ಯಪ್ಪನ್ ಅವರು ಒಂದು ಸಹಭೋಜನ ನಡೆಸಿದರು. ಈಳವರು ಪುಲಯರ ಜೊತೆ ಕುಳಿತು ಉಂಡರು. ಬಡಿಸಿದ್ದು ಅನ್ನ, ಕಡಲೆ, ಹಲಸಿನ ಬೀಜ. ಎಲೆಯ ಮೇಲೆ ಮಾಂಸದ ತುಣುಕಿರಲಿಲ್ಲ. ಆದರೂ ಉಂಡವರಿಗೆ ಬಹಿಷ್ಕಾರ ಬಿತ್ತು. ಜಾತಿಗೆ ಸಿಟ್ಟು ಬಂದದ್ದು ಎಲೆಯಲ್ಲಿ ಏನಿದೆ ಎಂಬುದಕ್ಕಲ್ಲ, ಪಕ್ಕದ ಎಲೆಗೆ ಯಾರು ಕುಳಿತಿದ್ದಾರೆ ಎಂಬುದಕ್ಕೆ. 1951ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ಸೆರೆಯಾದ ರಾಮಮನೋಹರ ಲೋಹಿಯಾ ಇದನ್ನು ಚೆನ್ನಾಗಿ ಅರಿತಿದ್ದರು. ಸಹಭೋಜನಕ್ಕೆ ಒಪ್ಪದವನು ಸರ್ಕಾರಿ ನೌಕರಿಗೆ ಅನರ್ಹನಾಗಬೇಕು ಎಂದು ಅವರು ವಾದಿಸಿದರು.

ಇನ್ನು ದಯೆಯ ವಾದ. ಪ್ರಾಣಿಯ ನೋವು ನಮ್ಮ ಮನಸ್ಸಿಗೆ ತಟ್ಟುವುದು ನಿಜ. ನಾವು ಮಾಂಸ ಮುಟ್ಟದಿರಲು ಅದೂ ಒಂದು ಕಾರಣ. ಆದರೆ ದಯೆಯ ತಕ್ಕಡಿಯನ್ನು ಬೇರೆಯವರ ತಟ್ಟೆಗೆ ಮಾತ್ರ ಹಿಡಿದರೆ ಅದು ಕಳ್ಳ ತಕ್ಕಡಿ. ಅಂಗಡಿಕಾರ ಮಿತ್ರರಿಗೆ ಕಳ್ಳ ತಕ್ಕಡಿ ಎಂದರೆ ಏನೆಂದು ನಾವು ಹೇಳಿಕೊಡಬೇಕಾಗಿಲ್ಲ. ಮದುವೆಯ ಶುದ್ಧ ಸಸ್ಯಾಹಾರದ ಊಟಕ್ಕೆ ನಮ್ಮ ಹೆಂಗಸರು ರೇಷ್ಮೆ ಸೀರೆ ಉಟ್ಟು ಬರುತ್ತಾರೆ. ಒಂದು ಸೀರೆಗೆ ಸಾವಿರಾರು ಗೂಡು ಬೇಕು. ಒಂದೊಂದು ಗೂಡಿನಲ್ಲಿಯೂ ಒಂದು ಜೀವವನ್ನು ಆವಿಯಲ್ಲಿಯೋ ಬಿಸಿಯಲ್ಲಿಯೋ ಕೊಂದೇ ನೂಲು ತೆಗೆಯುತ್ತಾರೆ. ಕಾಲಿನ ಚಪ್ಪಲಿ, ದೇವರ ಮುಂದಿನ ಮದ್ದಳೆ, ಎರಡೂ ಚರ್ಮದವು. ದಯೆ ಬೇಡ ಎನ್ನುತ್ತಿಲ್ಲ. ದಯೆಯನ್ನು ಮೊದಲು ನಮ್ಮ ಪೆಟ್ಟಿಗೆಯಲ್ಲಿ ಹುಡುಕೋಣ, ಆಮೇಲೆ ಕೂಲಿಯವನ ತಟ್ಟೆಯಲ್ಲಿ.

ಹಬ್ಬದ ಬಲಿಯ ವಿಚಾರವನ್ನೂ ಇದರೊಡನೆ ಕಲಸುತ್ತಾರೆ. ಅದು ಬೇರೆ ವಿಚಾರ. ದೇವಸ್ಥಾನದಲ್ಲಿ, ಅದರ ಆವರಣದಲ್ಲಿ ಪ್ರಾಣಿಬಲಿ ಕೂಡದೆಂದು 1959ರಲ್ಲಿಯೇ ನಮ್ಮ ರಾಜ್ಯದಲ್ಲಿ ಕಾಯಿದೆ ಆಯಿತು. ಅದು ನಡೆಯಲಿ. ಆದರೆ ಆ ಕಾಯಿದೆ ಯಾರ ಮನೆಯ ಒಲೆಯನ್ನೂ ಆರಿಸಲಿಲ್ಲ. ದಾವಣಗೆರೆಯ ದುಗ್ಗಮ್ಮನ ಹಬ್ಬ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಅದರಲ್ಲಿ ಹೋಳಿಗೆಯ ಊಟವೂ ಉಂಟು, ಬಾಡೂಟವೂ ಉಂಟು. ನೆಂಟರು, ಗೆಳೆಯರು, ಗೆಳೆಯರ ಗೆಳೆಯರು, ಜಾತಿ ಯಾವುದಾದರೂ ಕರೆದು ಉಣಿಸುತ್ತಾರೆ. ಸಾಲ ಮಾಡಿ ಕುರಿ ತರುವುದನ್ನು ನಾವು ಒಪ್ಪುವುದಿಲ್ಲ, ಅದನ್ನು ಕಾರ್ಮಿಕ ಮಿತ್ರರಿಗೆ ಎಷ್ಟೋ ಸಲ ಹೇಳಿದ್ದೇವೆ. ಆದರೆ ಅದು ಸಾಲದ ಮಾತು, ಮಡಿಯ ಮಾತಲ್ಲ. ಎರಡನ್ನೂ ಕಲಸಬಾರದು.

ಈಗ ದಾನದ ಮಾತು. ಕೊಟ್ಟವನಿಗೆ ಷರತ್ತು ಹಾಕುವ ಹಕ್ಕು ಎಲ್ಲಿಯವರೆಗೆ? ಶಾಲೆಯ ಮೊಟ್ಟೆಯ ಕಥೆ ಇಲ್ಲಿ ನಮಗೆ ಪಾಠ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ಏರ್ಪಾಡು ಇತ್ತು. ಆದರೂ ಯಾರಿಗೂ ಮೊಟ್ಟೆ ಬೇಡ ಎಂಬ ಒತ್ತಾಯ ಬಂತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇದೆ, ಒಂದು ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ. ಮನೆಯಲ್ಲಿ ಹಾಲು, ತುಪ್ಪ, ಬೇಳೆ ಇರುವ ಮಗುವಿಗೆ ಈ ವ್ಯತ್ಯಾಸ ಗೊತ್ತಾಗದು. ಕೂಲಿಯವನ ಮಗುವಿಗೆ ಅದು ಮೈಯ ಲೆಕ್ಕ. ಸರ್ಕಾರ ಹಿಂಜರಿಯಲಿಲ್ಲ, ಯೋಜನೆ ಇಡೀ ರಾಜ್ಯಕ್ಕೆ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನವರು ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ ಮೇಲೆ, ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ ಆರು ದಿನಕ್ಕೆ ಏರಿತು. ತಿನ್ನದ ಮಗುವಿಗೆ ಬಾಳೆಹಣ್ಣು ತಪ್ಪಲಿಲ್ಲ. ಒಂದೇ ಶಾಲೆ, ಒಂದೇ ಸಾಲು, ಎರಡು ಬಗೆಯ ತಟ್ಟೆ. ಆಕಾಶ ಕೆಳಗೆ ಬೀಳಲಿಲ್ಲ.

ವರ್ತಕ ಮಿತ್ರರೇ, ನಿಮ್ಮ ಕಾಸು ಮಾಂಸಕ್ಕೆ ಹೋಗಬಾರದು ಎಂದು ನೀವು ಹೇಳಿದರೆ ಅದು ನಿಮ್ಮ ಹಕ್ಕು. ನಾವು ಅದನ್ನು ಕಾಪಾಡುತ್ತೇವೆ. ಪಕ್ಕದವನ ಎಲೆಗೆ ಮಾಂಸ ಬೀಳಬಾರದು ಎಂದರೆ ಅದು ಹಕ್ಕಲ್ಲ, ದರ್ಪ. ವರ್ಷವಿಡೀ ನಿಮ್ಮ ಅಂಗಡಿಯ ಖಾತೆ ಪುಸ್ತಕದಲ್ಲಿ ಹೆಸರಿರುವವನು ಅವನೇ. ಅವನು ಬಾಡೂಟಕ್ಕೆ ಕೊಂಡ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಚಕ್ಕೆ ಲವಂಗದ ಹಣ ನಿಮ್ಮ ಗಲ್ಲಾಪೆಟ್ಟಿಗೆಗೆ ಬರುವಾಗ ಮೈಲಿಗೆಯಾಗಲಿಲ್ಲವಲ್ಲ!

ಕಾರ್ಮಿಕ ಸಂಗಾತಿಗಳಿಗೂ ಎರಡು ಮಾತು ಉಂಟು. ನಿಮ್ಮ ಸಾಲಿನಲ್ಲಿಯೇ ಮಾಂಸ ಮುಟ್ಟದ ಬಡವರಿದ್ದಾರೆ. ಲಿಂಗ ಕಟ್ಟಿದ ಹಮಾಲ ಇದ್ದಾನೆ, ಸೋಮವಾರ ಶನಿವಾರ ಬಿಟ್ಟ ಹೆಂಗಸರಿದ್ದಾರೆ. ಒಂದು ತುಂಡು ತಿಂದರೆ ಸಾಯುತ್ತೀಯಾ ಎಂದು ಅವರನ್ನು ಗೇಲಿ ಮಾಡುವುದು ಶೌರ್ಯವಲ್ಲ. ಮಾಂಸದ ಸಾರಿನ ಸೌಟನ್ನೇ ಬೇಳೆ ಸಾರಿಗೆ ಅದ್ದಿ, ಯಾರಿಗೆ ಗೊತ್ತಾಗುತ್ತದೆ ಎನ್ನುವುದು ಮೋಸ. ಸಸ್ಯಾಹಾರಿಗೆ ಬರೀ ಅನ್ನ ಮಜ್ಜಿಗೆ ಹಾಕಿ ಕಳಿಸುವುದು ಅವಮಾನ. ನಿಮಗೆ ಆದ ಅವಮಾನವನ್ನು ಇನ್ನೊಬ್ಬರಿಗೆ ಮಾಡಿ ತೀರಿಸಿಕೊಳ್ಳುವುದು ಸಮಾಜವಾದವಲ್ಲ.

ಆದುದರಿಂದ ಈ ಸಭೆಯ ಮುಂದೆ ನಮ್ಮ ಸಲಹೆಗಳನ್ನು ಇಡುತ್ತೇವೆ.

ಚಪ್ಪರ ಒಂದು, ಹೊತ್ತು ಒಂದು, ಪಂಕ್ತಿ ಒಂದು. ಸಸ್ಯಾಹಾರಿಗಳಿಗೆ ಬೇರೆ ಮೂಲೆ ಇಲ್ಲ, ಮಾಂಸಾಹಾರಿಗಳಿಗೆ ಹಿಂದಿನ ಬಯಲು ಇಲ್ಲ. ಯಾರು ಯಾರ ಪಕ್ಕದಲ್ಲಾದರೂ ಕುಳಿತುಕೊಳ್ಳಬಹುದು.

ಒಲೆ ಎರಡು. ಪಾತ್ರೆ, ಸೌಟು, ಬಡಿಸುವ ಕೈ, ಎಲ್ಲವೂ ಬೇರೆ ಬೇರೆ. ಬಡಿಸುವವನು ಏನೆಂದು ಹೇಳಿಯೇ ಬಡಿಸತಕ್ಕದ್ದು. ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದವರನ್ನು ಬಲವಂತ ಮಾಡಕೂಡದು.

ಸಸ್ಯಾಹಾರದ ಅಡಿಗೆ ಪೂರ್ತಿ ಅಡಿಗೆಯಾಗಿರಲಿ. ಮುದ್ದೆ, ಕಾಳು ಸಾರು, ಪಲ್ಯ, ಅನ್ನ, ಮೊಸರು. ಮಾಂಸ ಉಣ್ಣುವವರೂ ಅದನ್ನು ಕೇಳಿ ಹಾಕಿಸಿಕೊಳ್ಳುವಂತಿರಬೇಕು.

ಮಾಂಸ ಎಂದರೆ ಕೋಳಿ ಇರಲಿ, ಕುರಿಯ ಬೆಲೆ ನಮ್ಮ ನಿಧಿಗೆ ತಡೆಯದು. ನಮ್ಮ ಮುಸಲ್ಮಾನ ಸಂಗಾತಿಗಳೂ ಉಣ್ಣುವಂತೆ ಹಲಾಲ್ ಮಾಡಿದ್ದನ್ನೇ ತರಿಸಬೇಕು. ಅವರು ಮಾತ್ರ ಬರೀ ಅನ್ನ ಉಂಡು ಏಳುವಂತಾದರೆ ನಾವು ಇಷ್ಟು ಹೊತ್ತು ಆಡಿದ ಮಾತೆಲ್ಲ ಪೊಳ್ಳು.

ಲೆಕ್ಕ ಎರಡು. ವರ್ತಕರು ಕೊಟ್ಟ ಅಕ್ಕಿ ಬೇಳೆ ಎಲ್ಲರ ಅಡಿಗೆಗೆ. ಕೋಳಿಯ ಖರ್ಚಿಗೆ ಉಣ್ಣುವವರೇ ಹೆಚ್ಚಿನ ಚೀಟಿ ಕೊಳ್ಳಲಿ. ಎರಡು ಲೆಕ್ಕವನ್ನೂ ಮರುದಿನವೇ ಸಂಘದ ಬಾಗಿಲಿಗೆ ಅಂಟಿಸತಕ್ಕದ್ದು. ಹಣ ಸಾಲದೆ ಒಂದು ವರ್ಷ ಕೋಳಿ ಬಿಡಬೇಕಾದರೆ, ಹಣ ಸಾಲದು ಎಂದೇ ಹೇಳೋಣ. ಬಡತನವನ್ನು ಧರ್ಮದ ಹೆಸರಿನಲ್ಲಿ ಮುಚ್ಚುವುದು ಬೇಡ.

ಇಷ್ಟಾದ ಮೇಲೂ ಅಕ್ಕಿ ಕೊಡುವುದಿಲ್ಲ ಎನ್ನುವವರು ಇದ್ದರೆ ಅವರ ಮೇಲೆ ನಮಗೆ ಹಗೆಯಿಲ್ಲ. ಆದರೆ ಷರತ್ತಿಗೆ ಮಣಿದು ಪಂಕ್ತಿಯನ್ನು ಒಡೆಯುವುದಿಲ್ಲ. ಆ ಅಕ್ಕಿಯನ್ನು ದುಡ್ಡು ಕೊಟ್ಟು ಕೊಂಡುಕೊಳ್ಳೋಣ. ತಲೆಗೆ ಹತ್ತು ರೂಪಾಯಿ ಹೆಚ್ಚಾದೀತು. ಮಕ್ಕಳ ಪುಸ್ತಕದ ಹಣಕ್ಕೆ ಮಾತ್ರ ಕೈ ಹಾಕುವಂತಿಲ್ಲ.

ನಾವು ಆ ದಿನ ಪಂಕ್ತಿಯ ನಡುವೆಯೇ ಕುಳಿತು ನಮ್ಮ ಕಾಳು ಸಾರನ್ನು ಉಣ್ಣುತ್ತೇವೆ. ಎಡಕ್ಕೆ ಬಲಕ್ಕೆ ಕೋಳಿ ಬಡಿಸಿದರೆ ನಮ್ಮ ವ್ರತ ಕೆಡುವುದಿಲ್ಲ, ಏಕೆಂದರೆ ನಮ್ಮ ವ್ರತ ನಮ್ಮ ಎಲೆಯದು. ಸಸ್ಯಾಹಾರಿ ಮಿತ್ರರನ್ನೂ ನಮ್ಮ ಜೊತೆ ಕೂರಲು ಕರೆಯುತ್ತಿದ್ದೇವೆ. ವಾಸನೆ ಆಗದವರು ಗಾಳಿಯ ಬದಿಗೆ ಕುಳಿತುಕೊಳ್ಳಲಿ, ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಬರದೆ ಇರಬೇಡಿ.

ಈ ಸಲಹೆಗಳನ್ನು ಗೊತ್ತುವಳಿಯಾಗಿ ಮಂಡಿಸುತ್ತಿದ್ದೇವೆ. ವಿರೋಧವಿದ್ದವರು ಎದ್ದು ನಿಂತು ಇಲ್ಲಿಯೇ ಹೇಳಬೇಕು, ಹೊರಗೆ ಹೋಗಿ ಕಟ್ಟೆಯ ಮೇಲೆ ಆಡಬಾರದು. ಒಪ್ಪಿಗೆಯಾದರೆ ಚೀಟಿ ಹಂಚುವ ಕೆಲಸ ನಾಳೆಯೇ ಆರಂಭವಾಗಲಿ.