ಚಿತ್ರಕಥೆಗಳೂ ಓದುಗನ ಅಭಿಪ್ರಾಯವೂ

(ಶಾಲಾ ಸಾಹಿತ್ಯ ಸಂಘದ ಪ್ರಾರಂಭೋತ್ಸವದಂದು ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಸಾಹಿತ್ಯ ಸಂಘದ ಪ್ರಾರಂಭದ ದಿನ ಪಂಪ, ಕುಮಾರವ್ಯಾಸರನ್ನು ಕುರಿತು ಮಾತನಾಡುವುದು ವಾಡಿಕೆ. ಇಂದು ನಾನು ಆರಿಸಿಕೊಂಡಿರುವ ವಿಷಯ ಚಿತ್ರಕಥೆ, ಎಂದರೆ ನೀವು ಕಾಮಿಕ್ಸ್ ಎಂದು ಕರೆಯುವ ಪುಸ್ತಕ. ಇದಕ್ಕೆ ಕಾರಣವುಂಟು. ಪಂಪನ ವಿಷಯ ಕೇಳಿದರೆ ನಮ್ಮ ಮಕ್ಕಳು ಪಾಠದಲ್ಲಿ ಇದ್ದುದನ್ನು ಒಪ್ಪಿಸುತ್ತಾರೆ. ಬ್ಯಾಟ್‌ಮ್ಯಾನನ ವಿಷಯವನ್ನೋ ಮಾಯಾವಿಯ ವಿಷಯವನ್ನೋ ಎತ್ತಿದರೆ ವಾದಕ್ಕೆ ನಿಲ್ಲುತ್ತಾರೆ. ವಾದವಿರುವಲ್ಲಿ ಅಭಿಪ್ರಾಯವಿದೆ, ಅಭಿಪ್ರಾಯವಿರುವಲ್ಲಿ ವಿಮರ್ಶೆಯ ಬೀಜವಿದೆ. ಆ ಬೀಜವನ್ನು ಕಾಪಾಡುವುದು ಹೇಗೆಂಬುದೇ ಇಂದಿನ ನನ್ನ ಮಾತು.

ಮೊದಲು ಪೋಷಕರಲ್ಲಿ ಒಂದು ಬಿನ್ನಹ. ಚಿತ್ರಕಥೆ ಮಕ್ಕಳನ್ನು ಕೆಡಿಸುತ್ತದೆಂಬ ಭಯ ತಮಗೆ ಮಾತ್ರ ಬಂದುದಲ್ಲ. ಅಮೆರಿಕದಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು 1954ರಲ್ಲಿ ಒಂದು ಗ್ರಂಥವನ್ನೇ ಬರೆದು, ಬಾಲಾಪರಾಧಗಳಿಗೆ ಇಂತಹ ಪುಸ್ತಕಗಳೂ ಕಾರಣವೆಂದು ಸಾರಿದರು. ಅದೇ ವರ್ಷ ಅಲ್ಲಿನ ಸೆನೆಟ್ ಸಭೆಯ ಉಪಸಮಿತಿ ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ ತಮಗೆ ತಾವೇ ಒಂದು ನಿಯಮಾವಳಿಯನ್ನು ವಿಧಿಸಿಕೊಂಡರು. ಆ ಕಾಲದ ಕೆಲವು ಪುಸ್ತಕಗಳಲ್ಲಿ ಕ್ರೌರ್ಯವು ಮಿತಿಮೀರಿದ್ದುದು ನಿಜವೇ. ಆದರೆ ವರ್ಥಮ್ ಅವರ ಕಾಗದಪತ್ರಗಳನ್ನು ಪರಿಶೀಲಿಸಿದ ಕ್ಯಾರೊಲ್ ಟಿಲ್ಲಿ ಎಂಬ ವಿದುಷಿ 2012ರಲ್ಲಿ ಬೇರೊಂದು ಸಂಗತಿಯನ್ನು ಹೊರಗಿಟ್ಟರು: ಮಕ್ಕಳು ಹೇಳಿದ ಮಾತುಗಳನ್ನು ಅವರು ಹಲವೆಡೆ ತಮ್ಮ ವಾದಕ್ಕೆ ಒಪ್ಪುವಂತೆ ಬದಲಾಯಿಸಿದ್ದರು. ಮಕ್ಕಳ ಅಭಿಪ್ರಾಯವನ್ನು ಹಿರಿಯರು ತಾವೇ ಬರೆದುಕೊಂಡರೆ ಹೀಗಾಗುತ್ತದೆ. ಆದುದರಿಂದ ಮಗುವಿನ ಕೈಯಿಂದ ಪುಸ್ತಕವನ್ನು ಕಸಿದುಕೊಳ್ಳುವ ಮೊದಲು ಅದನ್ನು ತಾವೂ ಓದಿರಿ; ಆ ಮೇಲೆ ಮಗುವನ್ನು ಕೇಳಿರಿ.

ಇನ್ನು ಮಕ್ಕಳೇ, ನಿಮಗೆ. ಅಭಿಮಾನವೇ ಬೇರೆ, ಅಭಿಪ್ರಾಯವೇ ಬೇರೆ. "ನನಗೆ ಇಷ್ಟ" ಎಂಬುದು ಅಭಿಮಾನ. "ಏಕೆ ಇಷ್ಟ, ಯಾರ ಕೈಗುಣದಿಂದ ಇಷ್ಟ" ಎಂದು ಹೇಳಬಲ್ಲವನದು ಅಭಿಪ್ರಾಯ. ಚಿತ್ರಕಥೆಯಲ್ಲಿ ಕಥೆ ಕಟ್ಟುವವನೊಬ್ಬ, ಚಿತ್ರ ಬರೆಯುವವನೊಬ್ಬ, ಬಣ್ಣ ತುಂಬುವವನು ಇನ್ನೊಬ್ಬ ಇರುವುದುಂಟು. ನಾಯಕನ ಹೆಸರು ನಿಮ್ಮೆಲ್ಲರಿಗೂ ಗೊತ್ತು. ಇವರ ಹೆಸರು ಎಷ್ಟು ಮಂದಿಗೆ ಗೊತ್ತು?

ಬ್ಯಾಟ್‌ಮ್ಯಾನನ ಮೊದಲ ಕಥೆ 1939ರಲ್ಲಿ ಪ್ರಕಟವಾಯಿತು. ಅದರ ಮೇಲೆ ಇದ್ದುದು ಚಿತ್ರಕಾರ ಬಾಬ್ ಕೇನ್ ಅವರ ಹೆಸರು ಮಾತ್ರ. ಆ ಕಥೆಯನ್ನು ಬರೆದವರು ಬಿಲ್ ಫಿಂಗರ್. ನಾಯಕನ ಮುಸುಕಿಗೂ ಮೇಲಂಗಿಗೂ ರೂಪ ಹೇಳಿದವರು ಅವರು. ಗಾಥಮ್ ಎಂದು ನಗರಕ್ಕೆ ಹೆಸರಿಟ್ಟವರೂ ಅವರೇ. ಆದರೆ ಸೃಷ್ಟಿಕರ್ತರೆಂಬ ಗೌರವ ಅವರಿಗೆ ದೊರೆಯಲಿಲ್ಲ. 1965ರಲ್ಲಿ ಜೆರ್ರಿ ಬೇಲ್ಸ್ ಎಂಬ ಅಭಿಮಾನಿ (ವೃತ್ತಿಯಿಂದ ಅವರು ಅಧ್ಯಾಪಕರು) ಫಿಂಗರ್ ಅವರನ್ನು ಕಂಡು, ಕೇಳಿ, ನಿಜಸಂಗತಿಯನ್ನು ಬರೆದು ಅಭಿಮಾನಿಗಳಿಗೆ ಹಂಚಿದರು. ಕೇನ್ ಸಿಟ್ಟಿನಿಂದ ಅಲ್ಲಗಳೆದು ಪತ್ರ ಬರೆದರು. 1974ರಲ್ಲಿ ಫಿಂಗರ್ ತೀರಿಕೊಂಡರು. 1989ರಲ್ಲಿ ತಮ್ಮ ಆತ್ಮಕಥೆಯಲ್ಲಿ ಕೇನ್ ಅವರೇ ಫಿಂಗರ್‌ಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲವೆಂದು ಒಪ್ಪಿದರು. ಓದುಗರೂ ಸಂಶೋಧಕರೂ ಬಿಡದೆ ಕೇಳುತ್ತ ಬಂದುದರ ಫಲವಾಗಿ 2015ರಲ್ಲಿ ಪ್ರಕಾಶನ ಸಂಸ್ಥೆಯು ಕೇನ್ ಅವರ ಹೆಸರಿನೊಡನೆ ಫಿಂಗರ್ ಅವರ ಹೆಸರನ್ನೂ ಸೇರಿಸಲು ಸಮ್ಮತಿಸಿತು. ಒಬ್ಬ ಓದುಗನ ಬರಹದಿಂದ ಆ ದಿನದವರೆಗೆ ಐವತ್ತು ವರ್ಷ! "ಇದನ್ನು ಬರೆದವರು ಯಾರು?" ಎಂಬ ಪ್ರಶ್ನೆಯನ್ನು ಎಂದೂ ಚಿಕ್ಕದೆಂದು ಎಣಿಸಬೇಡಿರಿ.

ಓದುಗರ ಅಭಿಪ್ರಾಯಕ್ಕೆ ಮತ್ತೊಂದು ಮುಖವೂ ಉಂಟು. ಬ್ಯಾಟ್‌ಮ್ಯಾನನ ಜೊತೆಗಾರ ರಾಬಿನ್ ಪಾತ್ರದಲ್ಲಿ ಆಗ ಜೇಸನ್ ಟಾಡ್ ಎಂಬ ಹುಡುಗನಿದ್ದ. ಅವನು ಹಲವು ಓದುಗರಿಗೆ ಹಿಡಿಸಲಿಲ್ಲ. 1988ರಲ್ಲಿ ಪ್ರಕಾಶಕರು ಎರಡು ದೂರವಾಣಿ ಸಂಖ್ಯೆಗಳನ್ನು ಅಚ್ಚುಮಾಡಿ, ಹುಡುಗ ಬದುಕಬೇಕೇ ಸಾಯಬೇಕೇ ಎಂದು ಓದುಗರನ್ನೇ ಕೇಳಿದರು. ಪ್ರತಿ ಕರೆಗೆ ಐವತ್ತು ಸೆಂಟು ಶುಲ್ಕ. ಸಾಯಲಿ ಎಂದವು 5,343 ಕರೆಗಳು. ಬದುಕಲಿ ಎಂದವು 5,271. ಕೇವಲ 72 ಕರೆಗಳ ಅಂತರದಲ್ಲಿ ಆ ಬಾಲಕನ ಮರಣ ನಿಶ್ಚಯವಾಯಿತು. ಕಥೆಗೆ ಆ ಸಾವು ಅಗತ್ಯವೇ ಎಂದು ಆ ಯಂತ್ರ ಕೇಳಲಿಲ್ಲ. ಕರೆ ಮಾಡಿದವನ ಕಾರಣವನ್ನೂ ಕೇಳಲಿಲ್ಲ. ಕಾಸಿದ್ದವನು ಎಷ್ಟು ಸಾರಿಯಾದರೂ ಕರೆಯಬಹುದಿತ್ತು. ಎಣಿಕೆಯಿಂದ ಗೆಲುವನ್ನು ತೀರ್ಮಾನಿಸಬಹುದು, ಗುಣವನ್ನು ತೀರ್ಮಾನಿಸಲಾಗದು. ಬೇಲ್ಸ್ ಒಬ್ಬರೇ ಇದ್ದರು, ಆದರೆ ಅವರಲ್ಲಿ ಕಾರಣವಿತ್ತು.

ಈಗ ನಮ್ಮ ಮನೆಬಾಗಿಲಿಗೆ ಬರೋಣ. ಅಮರ ಚಿತ್ರಕಥೆಯನ್ನು ಕಟ್ಟಿ ಬೆಳೆಸಿದ ಅನಂತ ಪೈ ಅವರು 1929ರಲ್ಲಿ ಹುಟ್ಟಿದುದು ನಮಗೆ ದೂರವಲ್ಲದ ಕಾರ್ಕಳದಲ್ಲಿ. ಆ ಮಾಲೆಯ ಇಂಗ್ಲಿಷ್ ಪುಸ್ತಕಗಳ ಎಣಿಕೆ ಹನ್ನೊಂದರಿಂದ, ಕೃಷ್ಣನ ಕಥೆಯಿಂದ, ಮೊದಲಾಗುತ್ತದೆ. ಅದಕ್ಕೆ ಹಿಂದಿನ ಹತ್ತು ಸಂಚಿಕೆಗಳು ಪಾಶ್ಚಾತ್ಯ ಕಥೆಗಳ ಕನ್ನಡ ರೂಪಗಳು! ನಮ್ಮ ಭಾಷೆ ಆ ಮಾಲೆಗೆ ಹೊಸಿಲಾಗಿತ್ತೆಂಬುದನ್ನು ನೀವು ಮರೆಯಬಾರದು. ಪುರಾಣವನ್ನು ಮನೆಮನೆಗೆ ತಂದಿತೆಂದು ಅದನ್ನು ಹೊಗಳಿದವರು ಅನೇಕರು. ರಾಕ್ಷಸರಿಗೆಲ್ಲ ಕಪ್ಪು ಬಣ್ಣವೇಕೆ, ಹೆಂಗಸರಿಗೆ ಇಷ್ಟು ಸಣ್ಣ ಪಾಲೇಕೆ ಎಂದು ಆಕ್ಷೇಪಿಸಿದ ವಿದ್ವಾಂಸರೂ ಉಂಟು. ಯಾರು ಸರಿ? ಪುಟ ತೆರೆದು ನೀವೇ ನೋಡಿರಿ. ಪೈ ಅವರೇ 1980ರಲ್ಲಿ ಆರಂಭಿಸಿದ ಟಿಂಕಲ್ ಪತ್ರಿಕೆಯ ಸುಪ್ಪಾಂಡಿ ಮೂಲತಃ ತಿರುಚ್ಚಿಯ ಓದುಗರೊಬ್ಬರು ಕಳುಹಿಸಿದ ಕಥೆಯಿಂದ ಹುಟ್ಟಿದವನು. ಓದುಗನು ಹೀಗೆ ಲೇಖಕನೂ ಆಗಬಲ್ಲನು.

ಆದುದರಿಂದ ಒಂದು ಚಿತ್ರಕಥೆಯನ್ನು ಓದಿ ಮುಗಿಸಿದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿರಿ. ಕಥೆ ಯಾರದು, ಚಿತ್ರ ಯಾರದು? ಮಾತಿಲ್ಲದೆ ಚಿತ್ರವೇ ಹೇಳಿದುದೇನು? ಯಾವ ಪುಟದಲ್ಲಿ ಮನಸ್ಸು ಹಿಗ್ಗಿತು, ಯಾವ ಪುಟದಲ್ಲಿ ಕುಗ್ಗಿತು? ನನ್ನ ಮಾತನ್ನು ಒಪ್ಪದವನು ಏನೆಂದಾನು? ಈ ನಾಲ್ಕಕ್ಕೂ ಉತ್ತರ ಕೊಡಬಲ್ಲವನು ಮುಂದೆ ಕುಮಾರವ್ಯಾಸನ ಮುಂದೆಯೂ ಬಾಯಿಕಟ್ಟಿ ನಿಲ್ಲಲಾರ.

ಕೊನೆಯದಾಗಿ, ಗಡಿನಾಡಿನವರಾದ ನಮಗೆ ಸಂಬಂಧಿಸಿದ ಮಾತು. ನಮ್ಮ ಮಕ್ಕಳು ಚಿತ್ರಕಥೆಗಳನ್ನು ಮಲಯಾಳದಲ್ಲಿಯೂ ಇಂಗ್ಲಿಷಿನಲ್ಲಿಯೂ ಓದುತ್ತಾರೆ. ಅದು ಸಂತೋಷವೇ, ಎಷ್ಟು ಭಾಷೆ ಬಂದರೂ ಭಾರವಲ್ಲ. ಆದರೆ ಪಾಠ ಒಪ್ಪಿಸಲು ಮಾತ್ರ ಕನ್ನಡ, ಮೆಚ್ಚಲು, ಜಗಳವಾಡಲು, ನಗಲು ಬೇರೆ ಭಾಷೆ ಎಂದಾದರೆ ಶಾಲೆಯ ಕಟ್ಟಡ ಉಳಿದೀತು, ಭಾಷೆ ಉಳಿಯದು. ಯಾವ ಭಾಷೆಯಲ್ಲಿ ಓದಿದರೂ ನಿಮ್ಮ ಅಭಿಪ್ರಾಯವನ್ನು ಕನ್ನಡದಲ್ಲಿ ಬರೆಯಿರಿ. ಅದಕ್ಕಾಗಿ ಈ ವರ್ಷದಿಂದ ಶಾಲೆಯ ಕೈಬರಹದ ಪತ್ರಿಕೆಯಲ್ಲಿ ಎರಡು ಪುಟಗಳನ್ನು ತೆಗೆದಿರಿಸಿದ್ದೇನೆ. ಹೊಗಳಿಕೆಗೂ ಅಲ್ಲಿ ಸ್ಥಳವುಂಟು, ತೆಗಳಿಕೆಗೂ ಉಂಟು. ಕಾರಣವಿಲ್ಲದ ಎರಡಕ್ಕೂ ಸ್ಥಳವಿಲ್ಲ. ಪೋಷಕರು ಬರೆದರೂ ಅದೇ ನಿಯಮ.